ತಣ್ಣಗಾದ ಆವಿಗೆ

ನಮ್ಮ ಅಜ್ಜಿಯ ಅಜ್ಜಿಯೂ ಹುಟ್ಟದಿದ್ದ ಕಾಲದಲ್ಲಿ ಕುಂದಲ ಎಂಬ ರಾಜ್ಯವಿತ್ತು. ರಾಜ್ಯದ ನಡುವೆ ಒಂದು ಬೆಟ್ಟ, ಬೆಟ್ಟದ ತುದಿಯಲ್ಲಿ ಒಂದು ವಿದ್ಯಾಶಾಲೆ. ಅಲ್ಲಿ ಏಳು ಜನ ಗುರುಗಳಿದ್ದರು. ಗಾಳಿಯನ್ನು ಗಂಟು ಕಟ್ಟುವುದರಿಂದ ಹಿಡಿದು ಹೊಳೆಗೆ ಸೇತುವೆ ಹಾಕುವ ತನಕ ಅವರಿಗೆ ಬಾರದ ವಿದ್ಯೆಯೇ ಇರಲಿಲ್ಲ. ಒಂದೇ ಒಂದು ವಿಷಯ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಹೇಳುವಾಗ ನನಗೆ ಸಿಟ್ಟು ಬಂದರೆ ನೀವು ಸಹಿಸಿಕೊಳ್ಳಬೇಕು.

ಆ ಶಾಲೆಗೆ ಸೇರಬೇಕೆನ್ನುವವರು ತಮ್ಮ ಹೆಸರು ಕೊರೆದ ಒಂದು ಮಣ್ಣಿನ ಕುಡಿಕೆಯನ್ನು ಬೆಟ್ಟಕ್ಕೆ ಕಳಿಸುತ್ತಿದ್ದರು. ಗುರುಗಳು 'ಬಾ' ಎಂದೋ 'ಬೇಡ' ಎಂದೋ ಓಲೆ ಬರೆದು ಅದರೊಳಗೆ ಹಾಕಿದರೆ ಕುಡಿಕೆ ತಾನೇ ಉರುಳಿಕೊಂಡು ಮನೆಗೆ ಮರಳಬೇಕು. ಹೆಚ್ಚಿನವರು ಕಳಿಸುವುದು ಮಾಘದಲ್ಲಿ. ಭಾದ್ರಪದದಲ್ಲೇ ಕಳಿಸಿದವರಿಗೆ ದೀಪಾವಳಿಯೊಳಗೆ ಉತ್ತರ ಎಂದು ಶಾಲೆಯವರು ಡಂಗುರ ಸಾರಿಸಿದ್ದರು. ಆದರೆ ಹಾಗೆ ಮುಂಚೆ ಕಳಿಸುವವರು, ಉತ್ತರ ಬರುವ ತನಕ ಬೇರೆ ಶಾಲೆಯ ಬಾಗಿಲು ತಟ್ಟುವುದಿಲ್ಲ ಎಂದು ಆಣೆ ಇಡಬೇಕಿತ್ತು. ಆಣೆ ಮುರಿದವರಿಗೆ ಕಲಿತದ್ದೆಲ್ಲ ಮರೆತುಹೋಗುತ್ತಿತ್ತು. ಗಮನಿಸಿದಿರಾ, ಆಣೆಯೆಲ್ಲ ಮಕ್ಕಳಿಗೆ. ಶಾಲೆಗೆ ಯಾವ ಆಣೆಯೂ ಇರಲಿಲ್ಲ.

ಹೊಳೆಯಾಚೆಯ ಮಣ್ಣೂರಿನಲ್ಲಿ ನಾಗಲೆ ಎಂಬ ಕುಂಬಾರರ ಹುಡುಗಿ ಇದ್ದಳು. ಹಿಂದಿನ ಮಳೆಗಾಲದಲ್ಲಿ ಹರಿಗೋಲು ಮಗುಚಿ ಅವಳ ಅಪ್ಪ ಹೊಳೆಯ ಪಾಲಾಗಿದ್ದ. ಆ ಹೊಳೆಗೆ ಸೇತುವೆ ಕಟ್ಟುವುದನ್ನು ಕಲಿಯಬೇಕು ಎಂದು ನಾಗಲೆ ಹಟ ಹಿಡಿದಳು. ಭಾದ್ರಪದದಲ್ಲಿ ಆಣೆ ಇಟ್ಟು, ತಾನೇ ತಟ್ಟಿ ಸುಟ್ಟ ಕುಡಿಕೆಯನ್ನು ಬೆಟ್ಟಕ್ಕೆ ಕಳಿಸಿದಳು.

ದೀಪಾವಳಿ ಬಂತು, ಕುಡಿಕೆ ಬರಲಿಲ್ಲ. ಬೆಟ್ಟದಿಂದ ಒಂದು ಗಿಳಿ ಬಂದು, "ವಿಚಾರ ನಡೆಯುತ್ತಿದೆ, ತಾಳ್ಮೆ ಇರಲಿ" ಎಂದು ಹೇಳಿ ಹಾರಿಹೋಯಿತು. ಸಂಕ್ರಾಂತಿಗೂ ಅದೇ ಗಿಳಿ, ಅದೇ ಮಾತು. ಶಿವರಾತ್ರಿಗೂ ಅಷ್ಟೇ. ನಾಗಲೆ ಊಟ ಅರ್ಧಕ್ಕೇ ಬಿಡತೊಡಗಿದಳು. ರೆಕ್ಕೆಯ ಸದ್ದು ಕೇಳಿದರೆ ಸಾಕು, ತಿಗರಿ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ತಿರುಗುತ್ತಿದ್ದ ಮಡಕೆ ಸೊಟ್ಟಗಾಗಿ ಕುಸಿಯುತ್ತಿತ್ತು. ಇದರ ಮೇಲೆ ಊರಿನವರ ಕಾಟ ಬೇರೆ. ನೀರಿಗೆ ಹೋದರೆ "ಬಂತೇನೇ?", ಸೌದೆಗೆ ಹೋದರೆ "ಬಂತೇನೇ?" ಬಂದಿದ್ದರೆ ಹೇಳುತ್ತಿರಲಿಲ್ಲವೇ? ಈ ಪ್ರಶ್ನೆ ಕೇಳುವವರ ನಾಲಗೆಗೆ ಒಂದು ದಿನ ರಜೆ ಕೊಟ್ಟರೆ ರಾಜ್ಯವೇನೂ ಮುಳುಗುವುದಿಲ್ಲ.

ಯುಗಾದಿ ಹತ್ತಿರವಾಯಿತು. ಕೆಳಪೇಟೆಯಲ್ಲಿ ಇನ್ನೊಂದು ಶಾಲೆಯಿತ್ತು, ಹೆಸರಿಲ್ಲದ ಸಣ್ಣ ಶಾಲೆ. ಸೇತುವೆಯ ವಿದ್ಯೆಯನ್ನು ಅಲ್ಲೂ ಕಲಿಸುತ್ತಿದ್ದರು. ಯುಗಾದಿಯ ದಿನ ಅದರ ಬಾಗಿಲು ತೆರೆದು ಸಂಜೆಗೆ ಮುಚ್ಚಿದರೆ ಮತ್ತೆ ಒಂದು ವರ್ಷ ತೆರೆಯುವುದಿಲ್ಲ. ಅಷ್ಟರೊಳಗೆ ಬೆಟ್ಟದ ಉತ್ತರ ಸಿಗದಿದ್ದರೆ ನಾಗಲೆಗೆ ಎರಡು ಬಾಗಿಲೂ ಇಲ್ಲ.

"ಅವ್ವಾ, ನಂಗೆ ಭಯ ಆಗ್ತೈತೆ," ಅಂದಳು ನಾಗಲೆ. "ಎದೆ ಸುಮ್ನೆ ಕೂರಲ್ಲ. ಏನು ಮಾಡ್ಲಿ?"

ತಾಯಿ ಬಾಚವ್ವ ಒಂದು ಮುದ್ದೆ ಹಸಿಮಣ್ಣು ತಂದು ಮಗಳ ಅಂಗೈಯಲ್ಲಿಟ್ಟಳು. "ಭಯ ಆಗ್ಲಿ ಬಿಡು. ಅದ್ರ ಪಾಡಿಗೆ ಅದು ಆಗ್ಲಿ. ನೀನು ಕೈಗೊಂದು ಕೆಲಸ ಕೊಡು. ಮಣ್ಣು ನಾದ್ತಾ ನಡಿ, ಬೆಟ್ಟಕ್ಕೇ ಹೋಗಿ ಕೇಳು. ಮೊದ್ಲು ಈ ರೊಟ್ಟಿ ತಿನ್ನು."

ನಾಗಲೆ ರೊಟ್ಟಿ ತಿಂದಳು. ಮಣ್ಣು ನಾದುತ್ತ ಹೊರಟಳು.

ಬೆಟ್ಟದ ಬುಡದಲ್ಲಿ ಒಂದು ಆಲದ ಮರ, ಮರದ ತುಂಬ ಮಾತಾಡುವ ಗೊರವಂಕಗಳು. "ಮೇಲೂರಿನವಳಿಗೆ ಬಂತಂತೆ! ಗೌಡರ ಮಗನಿಗೂ ಬಂತಂತೆ! ಈ ಸಲ ಕುಂಬಾರರನ್ನ ತಗೊಳ್ಳಲ್ಲವಂತೆ!" ಎಂದು ಅವು ಒಂದೇ ಸಮ ಕೂಗುತ್ತಿದ್ದವು. ಕೇಳುತ್ತ ನಿಂತವರು ಅಲ್ಲೇ ಮರದ ಬಿಳಲುಗಳಾಗಿ ಜೋತಾಡುತ್ತಿದ್ದರು. ನಾಗಲೆಯ ಕಾಲು ಒಂದು ಗಳಿಗೆ ನಿಂತಿತು. ಬೆರಳುಗಳು ಆಗಲೇ ಮರದ ಬೇರಿನ ಹಾಗೆ ಒರಟಾಗತೊಡಗಿದ್ದವು. ಅವಳು ಮುದ್ದೆಯಿಂದ ಎರಡು ಚೂರು ಮಣ್ಣು ಕಿತ್ತು ಎರಡೂ ಕಿವಿಗೆ ಮೆತ್ತಿಕೊಂಡಳು. ಮರವನ್ನು ದಾಟಿದ ಮೇಲೆ ಕಿವಿಯ ಮಣ್ಣು ತೆಗೆದಳು.

ಬೆಟ್ಟದ ಅರ್ಧದಲ್ಲಿ ಒಂದು ಕೊಳ. ಅದರ ನೀರಿನಲ್ಲಿ ನೂರು ನಾಗಲೆಯರು ಕಂಡರು. ಒಬ್ಬಳು ಪಟ್ಟೆ ಉಟ್ಟು ಸೇತುವೆಯ ಮೇಲೆ ನಿಂತಿದ್ದಳು. ಒಬ್ಬಳು ಬೀದಿಯಲ್ಲಿ ಒಡಕು ಮಡಕೆ ಮಾರುತ್ತಿದ್ದಳು. ಒಬ್ಬಳು ಅಪ್ಪನ ಹಾಗೆ ಹೊಳೆಯಲ್ಲಿ ತೇಲುತ್ತಿದ್ದಳು. ಹೀಗಾದರೆ? ಹಾಗಾದರೆ? ನೋಡಿದಷ್ಟೂ ಹೊಸ ನಾಗಲೆಯರು ಏಳುತ್ತಿದ್ದರು. ನೋಡುತ್ತ ಕೂತವರ ಎಲುಬುಗಳು ದಡದಲ್ಲಿ ಬೆಳ್ಳಗೆ ಬಿದ್ದಿದ್ದವು. ನಾಗಲೆಯ ಕೈಯೋ ಮೊಣಕೈ ತನಕ ಮಣ್ಣು. ಅವಳು ಎರಡೂ ಕೈಯನ್ನು ಕೊಳದಲ್ಲಿ ಅದ್ದಿ ಚೆನ್ನಾಗಿ ತೊಳೆದುಕೊಂಡಳು. ನೀರು ರಾಡಿಯಾಯಿತು, ನೂರು ನಾಗಲೆಯರೂ ಅಳಿಸಿಹೋದರು. ಉಳಿದವಳು ಒಬ್ಬಳೇ, ಅವಳು ಎದ್ದು ನಡೆದಳು.

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ ತುದಿ ಮುಟ್ಟಿದಳು. ಶಾಲೆಯ ಹೆಬ್ಬಾಗಿಲಲ್ಲಿ ಉದ್ದನೆಯ ಕಲ್ಲುಜಗಲಿ. ಅದರ ಮೇಲೆ ಸಾಲಾಗಿ ಜನ ಕೂತಿದ್ದರು. ಕೊನೆಯಲ್ಲಿ ಒಬ್ಬ ಮುದುಕಿ, ಹೆಸರು ಮಾಚವ್ವ. ನಾಗಲೆಯ ಕಾಲು ಸೋತಿತ್ತು, ಕೂರಲು ಬಗ್ಗಿದಳು.

"ಕೂರಬೇಡ ಮಗಳೇ," ಅಂದಳು ಮಾಚವ್ವ. "ಇಲ್ಲಿ ಕೂತರೆ ಉತ್ತರ ಬರೋ ತನಕ ಏಳಾಕಾಗಲ್ಲ. ಸ್ವಲ್ಪ ಕೂತಿರಮ್ಮ, ಕರೀತಾರೆ ಅಂದ್ರು. ನಾನು ನಿನ್ನಷ್ಟೇ ಇದ್ದೆ ಆವಾಗ."

"ಎಷ್ಟು ಕಾಲ ಆಯ್ತಜ್ಜಿ?"

"ನಲವತ್ತು ವರ್ಷ."

ನಾಗಲೆಗೆ ಮೈ ಉರಿದುಹೋಯಿತು. ಅಲ್ಲಿಯ ತನಕ ಅವಳಲ್ಲಿ ಇದ್ದದ್ದು ಭಯ. ಆಗ ಹುಟ್ಟಿದ್ದು ಕೋಪ. ಕೂರದೆ, ಕೇಳದೆ, ನೆಟ್ಟಗೆ ಒಳಗೆ ನುಗ್ಗಿದಳು.

ಒಳಗೆ ಮನೆಯಷ್ಟು ದೊಡ್ಡ ಆವಿಗೆ, ಕುಂಬಾರರು ಮಡಕೆ ಸುಡುವಂಥದ್ದು. ಅದರ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿತ್ತು. ಮುಂದೆ ಪೀಠ ಹಾಕಿ ಕೂತಿದ್ದವನು ದೀರ್ಘಮುಖ ಎಂಬ ಮಾಯಾವಿ, ಕುಡಿಕೆಗಳ ಕಾವಲುಗಾರ. ಬಿದಿರಿನ ಕೊಳವೆಯಿಂದ ಏನನ್ನೋ ಹೀರುತ್ತಿದ್ದ. ಕಾಯುವವರ ನಿಟ್ಟುಸಿರೇ ಅವನ ಊಟ. ಮಣ್ಣೂರಿನಲ್ಲಿ ಯಾರೋ ಬಾಗಿಲಿಗೆ ಓಡಿ ಬರಿಗೈಯಲ್ಲಿ ಮರಳಿದರೆ ಇಲ್ಲಿ ಅವನ ಕೆನ್ನೆ ಒಂದಿಷ್ಟು ತುಂಬಿಕೊಳ್ಳುತ್ತಿತ್ತು. ಮುನ್ನೂರು ವರ್ಷ ಹೀಗೆ ತಿಂದು ಕೊಬ್ಬಿದ್ದ. ಯಾರಿಗೂ ಅನುಮಾನ ಬಾರದಿರಲೆಂದು ವರ್ಷಕ್ಕೆ ನಾಲ್ಕಾರು ಕುಡಿಕೆಗಳನ್ನು ಮಾತ್ರ ಮುಚ್ಚಿಡದೆ ಮನೆಗೆ ಬಿಡುತ್ತಿದ್ದ.

"ನನ್ನ ಉತ್ತರ ಕೊಡಿ," ಅಂದಳು ನಾಗಲೆ.

"ಆತುರ ಒಳ್ಳೆಯದಲ್ಲ ಮಗು," ಅಂದ ದೀರ್ಘಮುಖ. ಧ್ವನಿ ಜೇನಿನ ಹಾಗಿತ್ತು. "ಉತ್ತರಗಳು ಒಳಗೆ ಬೇಯುತ್ತಿವೆ. ನೀನು ಕುಂಬಾರರವಳಲ್ಲವೇ? ಅರೆಬೆಂದ ಆವಿಗೆ ತೆಗೆದರೆ ಏನಾಗುತ್ತದೆ, ನೀನೇ ಹೇಳು."

"ಒಳಗಿನದೆಲ್ಲ ಒಡೀತದೆ."

"ನೋಡಿದೆಯಾ? ಈಗ ತೆಗೆದರೆ 'ಬಾ' ಅಂತ ಇದ್ದದ್ದೂ 'ಬೇಡ' ಆಗುತ್ತದೆ. ಹೊರಗೆ ಹೋಗಿ ಕೂತಿರು, ಕರೆಯುತ್ತೇನೆ."

ಈ ಒಂದು ಮಾತಿನಿಂದ ಅವನು ಮುನ್ನೂರು ವರ್ಷ ಎಲ್ಲರನ್ನೂ ಕೂರಿಸಿದ್ದ. ಪಂಡಿತರ ಮಕ್ಕಳು ಬಂದಿದ್ದರು, ಮಂತ್ರಿಗಳ ಮಕ್ಕಳು ಬಂದಿದ್ದರು, ಎಲ್ಲರೂ ತಲೆಯಾಡಿಸಿ ಹೋಗಿ ಕೂತಿದ್ದರು. ಅವರಲ್ಲಿ ಯಾರೂ ಆವಿಗೆ ಹಾಕಿದವರಲ್ಲ. ನಾಗಲೆ ಮುಂದೆ ಬಂದು ಆವಿಗೆಯ ಗೋಡೆಗೆ ಅಂಗೈ ಇಟ್ಟಳು. ದಿನಾ ಮನೆಯಲ್ಲಿ ಮಾಡುವ ಕೆಲಸ ಅದು. ಕೈ ಸುಟ್ಟರೆ ಕಾಯಬೇಕು, ಬೆಚ್ಚಗಿದ್ದರೆ ಇನ್ನೊಂದು ದಿನ ಬಿಡಬೇಕು, ತಣ್ಣಗಾದರೆ ತೆಗೆಯಬೇಕು.

ಗೋಡೆ ತಣ್ಣಗಿತ್ತು. ಇವತ್ತು ನಿನ್ನೆಯ ತಣ್ಣಗಲ್ಲ. ಗಾಳಿಕಿಂಡಿಯಲ್ಲಿ ಜೇಡ ಬಲೆ ಕಟ್ಟಿತ್ತು, ಉರಿಗೂಡಿನಲ್ಲಿ ಹಲ್ಲಿ ಮೊಟ್ಟೆಯಿಟ್ಟಿತ್ತು.

"ಸುಳ್ಳು," ಅಂದಳು ನಾಗಲೆ. "ಇದಕ್ಕೆ ಬೆಂಕಿನೇ ಹಾಕಿಲ್ಲ. ಉತ್ತರ ಯಾವತ್ತೋ ಆಗೋಗೈತೆ. ನೀವು ಸುಮ್ಮನೆ ಮುಚ್ಚಿಟ್ಟಿದ್ದೀರಿ."

ದೀರ್ಘಮುಖ ಎದ್ದು ಛಾವಣಿ ಮುಟ್ಟುವಷ್ಟು ಬೆಳೆದ. ಅಷ್ಟರಲ್ಲಿ ನಾಗಲೆ ಒಂದು ಕಲ್ಲೆತ್ತಿ ಮೆತ್ತಿದ ಬಾಯಿಗೆ ಕುಟ್ಟಿದ್ದಳು. ಮಣ್ಣು ಕಳಚಿಬಿತ್ತು. ಸಾವಿರಾರು ಕುಡಿಕೆಗಳು ಉರುಳಿಕೊಂಡು ಹೊರಬಂದವು, ತಮ್ಮ ತಮ್ಮ ಮನೆಯ ದಾರಿ ಹಿಡಿದು ಬೆಟ್ಟ ಇಳಿದವು. ಅವುಗಳ ಹಿಂದೆ ಮುನ್ನೂರು ವರ್ಷದ ನಿಟ್ಟುಸಿರು ಮಾಯಾವಿಯ ಬಾಯಿಂದ ಹೊರಟು ಅದನ್ನು ಬಿಟ್ಟವರ ಬಳಿಗೆ ಹೋಯಿತು. ಆಲದ ಬಿಳಲುಗಳು ಮನುಷ್ಯರಾದವು, ದಡದ ಎಲುಬುಗಳು ಎದ್ದು ಮೈ ಕೊಡವಿಕೊಂಡವು. ದೀರ್ಘಮುಖ ಕುಗ್ಗಿ ಕುಗ್ಗಿ ಒಂದು ಒಣ ಸೋರೆಬುರುಡೆಯಾಗಿ ನೆಲಕ್ಕೆ ಬಿದ್ದ.

ಸದ್ದು ಕೇಳಿ ಏಳೂ ಗುರುಗಳು ಓಡಿಬಂದರು. "ಏನಿದು? ನಾವು ಕುಡಿಕೆ ಬಂದ ಮೂರನೇ ದಿನವೇ ಓಲೆ ಬರೆದು ಹಾಕಿದ್ದೆವಲ್ಲ," ಅಂದರು ಹಿರಿಯ ಗುರುಗಳು.

"ಬರೆದಿರಿ ಗುರುಗಳೇ," ಅಂದಳು ನಾಗಲೆ. "ಮಕ್ಕಳಿಗೆ ಮುಟ್ಟಿತಾ ಅಂತ ಒಂದ್ಸಲ ಕೇಳಿದ್ರಾ?"

ಅವರಿಗೆ ಗೊತ್ತಿರದ ಒಂದು ವಿಷಯ ಇದೇ. ಏಳು ಜನ, ಮುನ್ನೂರು ವರ್ಷ, ಒಬ್ಬರಾದರೂ ಬಾಗಿಲ ತನಕ ಬಂದು ಆ ಜಗಲಿಯನ್ನು ನೋಡಿರಲಿಲ್ಲ. ಮಾಯಾವಿಗಿಂತ ನನಗೆ ಇವರ ಮೇಲೇ ಸಿಟ್ಟು ಹೆಚ್ಚು. ಗುರುಗಳು ತಲೆ ತಗ್ಗಿಸಿದರು. ತಗ್ಗಿಸಲಿ.

ನಾಗಲೆಯ ಕುಡಿಕೆ ಉರುಳಿಬಂದು ಅವಳ ಕಾಲ ಬಳಿ ನಿಂತಿತು. ಅವಳು ಓಲೆ ತೆಗೆದಳು. ಅದರಲ್ಲಿ 'ಬೇಡ' ಎಂದಿತ್ತು.

ಅವಳು ಅತ್ತಳು. ಅಪ್ಪನನ್ನು ನೆನೆದು ಅತ್ತಳು, ಆರು ತಿಂಗಳು ಅರ್ಧಕ್ಕೇ ಬಿಟ್ಟ ರೊಟ್ಟಿ ನೆನೆದು ಅತ್ತಳು. ಹಿರಿಯ ಗುರುಗಳು ಹತ್ತಿರ ಬಂದು, "ಈಗ ನಿನಗೆ 'ಬಾ' ಎಂದು ಬರೆದುಕೊಡುತ್ತೇವೆ ಮಗು," ಅಂದರು.

ನಾಗಲೆ ಕಣ್ಣೊರೆಸಿಕೊಂಡಳು. "ಬ್ಯಾಡ ಗುರುಗಳೇ. ಈ 'ಬೇಡ' ಭಾದ್ರಪದದಲ್ಲೇ ಸಿಕ್ಕಿದ್ರೆ ನಾನು ಆವಾಗ್ಲೇ ಹೊತ್ಕೊಂಡು ನಡೀತಿದ್ದೆ. ಏನೂ ತಿಳೀದೆ ಹೊತ್ಕೊಂಡಿದ್ದೆನಲ್ಲ, ಅದು ಇದಕ್ಕಿಂತ ಭಾರ ಇತ್ತು. ನಾಳೆ ಕೆಳಪೇಟೆ ಬಾಗಿಲು ತೆಗೀತಾರೆ, ನಾನು ಹೊರಟೆ."

ಉತ್ತರ ಸಿಕ್ಕಿತ್ತು, ಆಣೆ ತೀರಿತ್ತು. ಅವಳು ಯುಗಾದಿಯ ಮಧ್ಯಾಹ್ನಕ್ಕೆ ಕೆಳಪೇಟೆ ಮುಟ್ಟಿದಳು, ಬಾಗಿಲು ತೆರೆದೇ ಇತ್ತು. ನಾಲ್ಕು ವರ್ಷ ಕಲಿತು ಮಣ್ಣೂರಿನ ಹೊಳೆಗೆ ಏಳು ಕಮಾನಿನ ಸೇತುವೆ ಕಟ್ಟಿದಳು. ಬಾಚವ್ವ ಮಡಕೆಯ ಗಾಡಿಯೊಂದಿಗೆ ಮೊದಲು ದಾಟಿದಳು. ಆಮೇಲೆ ಆ ಊರಿನಲ್ಲಿ ಯಾರೂ ಹೊಳೆಯ ಪಾಲಾಗಲಿಲ್ಲ. ಉತ್ತರ ಬರೆದ ದಿನವೇ ಕಳಿಸಬೇಕು, ಮಾತು ಕೊಟ್ಟ ದಿನ ದಾಟಿದರೆ ಮಕ್ಕಳ ಆಣೆ ತಾನಾಗಿ ಬಿದ್ದುಹೋಗುತ್ತದೆ ಎಂದು ಕುಂದಲದ ರಾಜ ಕಟ್ಟಳೆ ಮಾಡಿದ. ಎಲ್ಲರೂ ಸುಖವಾಗಿದ್ದರು.

ಮಾಚವ್ವನ ಕತೆ ಉಳಿಯಿತು. ಕುಡಿಕೆಗಳು ಉರುಳಿದ ದಿನ ಅವಳದ್ದು ದೂರ ಹೋಗಲಿಲ್ಲ, ಜಗಲಿಯ ಕೆಳಗೇ ಬಂದು ನಿಂತಿತು. ನಲವತ್ತು ವರ್ಷದ ಹಿಂದೆ ಬರೆದ ಓಲೆಯಲ್ಲಿ 'ಬಾ' ಎಂದಿತ್ತು. ಕಲ್ಲು ಅವಳನ್ನು ಬಿಟ್ಟಿತು. ಮಾಚವ್ವ ಎದ್ದು, ಸೀರೆ ಕೊಡವಿ, ಒಳಗೆ ಹೋಗಿ ಮೊದಲ ಸಾಲಿನಲ್ಲಿ ಕೂತಳು.

"ಯಾಕಜ್ಜಿ ಇಷ್ಟು ತಡ?" ಎಂದು ಪಕ್ಕದ ಹುಡುಗಿ ಕೇಳಿದಳು.

"ನಾನೆಲ್ಲಿ ತಡ ಮಾಡಿದೆ ಮಗಾ?" ಅಂದಳು ಮಾಚವ್ವ. "ನಾನು ಬಾಗಿಲಿಗೆ ಬಂದು ನಲವತ್ತು ವರ್ಷ ಆಯ್ತು."