ಹದಿನೇಳನೇ ಬಾಗಿಲಿನ ಪರ್ಮಿಷನ್

“ಅಜ್ಜಿಗೂ ಒಂದು ಫಾರ್ಮ್ ತುಂಬಬೇಕಲ್ವಾ ದೊಡ್ಡಪ್ಪ?” ಎಂದು ಸಾಂಜಾ ಕೇಳಿದ್ದೇ ತಪ್ಪಾಯಿತು. ಒಂದೇ ಸೂರಿನಡಿ ಬಾಗಿಲಿಗೊಂದು ಸಂಸಾರವಿರುವ ಉದ್ದಮನೆಯ ಜಗಲಿಯಲ್ಲಿ ಚಾಪೆ ಹಾಸಿ ಕುಳಿತಿದ್ದವರೆಲ್ಲ ಅವಳತ್ತ ತಿರುಗಿದರು.

ದೊಡ್ಡಪ್ಪ ಉಂಗಾಟ್ ನಕ್ಕರು. ಊರಿಗೆಲ್ಲ ತಿಳಿಯದ್ದು ತಮಗೊಬ್ಬರಿಗೇ ತಿಳಿದಿದೆ ಎನ್ನುವ ನಗು ಅದು.

“ಹದಿನೇಳನೇ ಬಾಗಿಲು ಅಂದ್ರೆ ಒಂದು ಮನೆ. ಹಬ್ಬದ ಹಂದೀಲಿ ಪಾಲು ಒಂದು, ಸಭೇಲಿ ಮಾತು ಒಂದು, ದಂಡ ಹಾಕಿದ್ರೂ ಒಂದು. ಪರ್ಮಿಷನ್ನೂ ಒಂದೇ. ಮೊಟ್ಟೆ ಬಂದು ಕೋಳಿಗೆ ಪಾಠ ಹೇಳ್ತಿದೆ ನೋಡಿ.”

ಇಪ್ಪತ್ತೆರಡು ಬಾಗಿಲಿನವರೂ ನಕ್ಕರು. ಅಜ್ಜಿಯೂ ನಕ್ಕಳು. ಸಾಂಜಾಗೆ ಅದೇ ಹೆಚ್ಚು ಉರಿಯಿತು.

ಅವಳ ಅಣ್ಣ ಜೆಲಾನಿ ಬ್ರಿಟನ್ನಿನಲ್ಲಿ ಓದು ಮುಗಿಸಿದ್ದ. ಪದವಿ ಸಮಾರಂಭಕ್ಕೆ ಮನೆಯವರಿಗೆಂದು ಎರಡು ಕುರ್ಚಿ ಸಿಕ್ಕಿದ್ದವು. ದೊಡ್ಡಪ್ಪ, ಅಜ್ಜಿ ಹೊರಡುವುದೆಂದಾಗಿತ್ತು. ಮಲೇಷ್ಯಾದವರಿಗೆ ಅಲ್ಲಿ ಸುತ್ತಾಡಿ ಬರಲು ವೀಸಾ ಬೇಡ, ಆದರೆ ಹೊರಡುವ ಮೊದಲು ಫೋನಿನಲ್ಲೇ ಪರ್ಮಿಷನ್ ತೆಗೆದುಕೊಳ್ಳಬೇಕು ಎಂದು ಅವನು ತಿಳಿಸಿದ್ದ. ದೊಡ್ಡಪ್ಪನಿಗೆ ಮಾತು ಬರುತ್ತಿತ್ತೇ ಹೊರತು ಫೋನ್ ಬರುತ್ತಿರಲಿಲ್ಲ. ಅವರ ಫಾರ್ಮನ್ನು ಸಾಂಜಾಳೇ ತುಂಬಿದಳು. ಮುಖದ ಫೋಟೋಗೂ ಮಹಾಶಯರು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು.

ಸಂಜೆಯೇ ಉತ್ತರ ಬಂತು. ಅದರಲ್ಲಿ ದೊಡ್ಡಪ್ಪನ ಹೆಸರೊಂದೇ ಇತ್ತು. ಪ್ರತಿಯೊಬ್ಬರಿಗೂ ಬೇರೆ ಬೇರೆ ಬೇಕು, ಹಾಲು ಕುಡಿಯುವ ಮಗುವಿಗೂ ಬೇಕು ಎಂದು ಕೆಳಗೆ ಬರೆದಿತ್ತು. ಸಾಂಜಾ ಓದಿದಳು. ‘ಒಂದೇ ಬಾಗಿಲಂತೆ, ಒಂದೇ ಬಾಗಿಲು. ಏರ್‌ಪೋರ್ಟಲ್ಲಿ ಗೊತ್ತಾಗುತ್ತೆ’ ಎಂದುಕೊಂಡು ಫೋನ್ ಮುಚ್ಚಿಟ್ಟಳು.

ಹತ್ತು ದಿನ ಕಳೆದು ಕುಚಿಂಗ್ ಏರ್‌ಪೋರ್ಟಿಗೆ ಅವರನ್ನು ಕಳಿಸಲು ಅವಳೂ ಹೋದಳು. ಕೌಂಟರಿನ ಅಕ್ಕ ಸಾಂಜಾಳ ಫೋನ್ ನೋಡಿ, ಅಜ್ಜಿಯ ಪರ್ಮಿಷನ್ ಎಲ್ಲಿ ಎಂದು ಕೇಳಿದಳು.

“ನಾವಿಬ್ರೂ ಒಂದೇ ಬಾಗಿಲಿನವರಮ್ಮ.”

“ವಿಮಾನಕ್ಕೆ ಬಾಗಿಲು ಎಣಿಸಲ್ಲ ಅಂಕಲ್. ತಲೆ ಎಣಿಸ್ತೀವಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಪ್ಪನ ಕಿವಿ ಕೆಂಪಾಯಿತು. ಸಾಂಜಾ ಹತ್ತು ದಿನದಿಂದ ಕಾದಿದ್ದು ಇದಕ್ಕೇ. ನಗು ತಡೆಯಲು ತುಟಿ ಕಚ್ಚಿಕೊಂಡಳು.

ಅಷ್ಟರಲ್ಲಿ ಅಜ್ಜಿ ಹೆಗಲ ಬುಟ್ಟಿಯನ್ನು ನೆಲಕ್ಕಿಳಿಸಿದಳು. ಜೆಲಾನಿಗೆ ಹೊದಿಸಲೆಂದು ಎರಡು ವರ್ಷ ಕೂತು ನೇಯ್ದ ಬಟ್ಟೆ ಅದರಲ್ಲಿತ್ತು.

“ಹಾಗಾದ್ರೆ ನಾನು ಹೋಗೋ ಹಾಗಿಲ್ವಾ?” ಎಂದಳು, ಯಾರನ್ನೂ ನೋಡದೆ.

ಸಾಂಜಾಳ ನಗು ಅಲ್ಲಿಗೇ ನಿಂತಿತು. ಕೌಂಟರಿನಿಂದ ತನ್ನ ಫೋನ್ ಕಿತ್ತುಕೊಂಡು ಅಜ್ಜಿಯ ಫೋಟೋ ತೆಗೆದಳು, ಅಲ್ಲೇ ನಿಂತು ಫಾರ್ಮ್ ತುಂಬಿದಳು. ಕೌಂಟರ್ ಮುಚ್ಚುವ ಹೊತ್ತಾದರೂ ಉತ್ತರ ಬರಲಿಲ್ಲ. ಸಮಾರಂಭಕ್ಕೆ ತಲುಪಿಸುವ ಬೇರೆ ವಿಮಾನವೂ ಇರಲಿಲ್ಲ. ತಾನೂ ಹೋಗುವುದಿಲ್ಲ ಎಂದು ದೊಡ್ಡಪ್ಪ ಹಟ ಹಿಡಿದರು. ಹುಡುಗ ಅಲ್ಲಿ ಒಬ್ಬನೇ ನಿಲ್ಲಬಾರದು ಎಂದು ಗದರಿ, ಬುಟ್ಟಿಯನ್ನು ಅವರ ಹೆಗಲಿಗೇರಿಸಿದವಳು ಅಜ್ಜಿಯೇ.

ವ್ಯಾನಿನಲ್ಲಿ ಹಿಂದಿರುಗುವಾಗ ಫೋನ್ ಟಿಣ್ ಎಂದಿತು. ಅಜ್ಜಿ ಹೋಗಬಹುದಂತೆ. ಅಜ್ಜಿ ಅದನ್ನು ಎರಡು ಸಲ ಓದಿಸಿಕೊಂಡಳು.

“ನಂಗೆ ಆವತ್ತೇ ಗೊತ್ತಿತ್ತು ಅಜ್ಜಿ. ಬೇಕಂತಲೇ ಹೇಳ್ಲಿಲ್ಲ.”

ಅಜ್ಜಿ ಕಿಟಕಿಯತ್ತ ತಿರುಗಿದಳು. “ಆವತ್ತು ನಾನೂ ನಕ್ಕಿದ್ದೆ” ಎಂದಳು.

ಮರುದಿನ ಸಂಜೆ ಜಗಲಿಯ ತುಂಬ ಜನ ಫೋನಿಗೆ ಮುತ್ತಿಕೊಂಡರು. ಕರಿ ಗೌನ್ ತೊಟ್ಟ ಜೆಲಾನಿ ಕೈಬೀಸಿದ. ಪಕ್ಕದಲ್ಲಿ ದೊಡ್ಡಪ್ಪ ಬಾಯಿ ಮುಚ್ಚಿಕೊಂಡು ಕುಳಿತಿದ್ದರು. ಅವರ ಪಕ್ಕದ ಖಾಲಿ ಕುರ್ಚಿಯ ಮೇಲೆ ಅಜ್ಜಿ ನೇಯ್ದ ಬಟ್ಟೆ ಹಾಸಿತ್ತು.

“ಏನೋ ಉಂಗಾಟ್, ಬಾಗಿಲಿಗೆ ಎಷ್ಟು ಪರ್ಮಿಷನ್ನು?” ಎಂದು ಯಾರೋ ಕೂಗಿದರು. ಜಗಲಿಗೆ ಜಗಲಿಯೇ ನಕ್ಕಿತು.

ಸಾಂಜಾ ನಗಲಿಲ್ಲ. ಎಲ್ಲರಿಗಿಂತ ಮುಂದಿದ್ದ ತನ್ನ ಜಾಗದಿಂದ ಎದ್ದು, ಅಜ್ಜಿಯನ್ನು ಅಲ್ಲಿ ಕೂರಿಸಿದಳು.