ಲೆಕ್ಕಕ್ಕೆ ಸಿಗದ ಹೆಬ್ಬೆರಳು

"ಕೈ ನಡುಗಿಸಬೇಡಿ!"

"ನಡುಗ್ತಿರೋದು ನಿಮ್ಮ ಕೈ, ಮೇಡಂ."

ನಿಜ! ಅವನ ಮುಂಗೈಗೆ ಸೆನ್ಸರ್ ಅಂಟಿಸುತ್ತಿದ್ದ ಅವಳ ಬೆರಳುಗಳೇ ನಡುಗುತ್ತಿದ್ದವು. ಎಷ್ಟೋ ಜನರ ಕೈ ಹಿಡಿದು ಅಳತೆ ತೆಗೆದವಳು, ಈ ಪೇಂಟರ್ ಮುಂದೆ ಮಾತ್ರ ಕೆಂಪಾಗಿ ತಲೆ ತಗ್ಗಿಸಿದಳು.

ಅವಳು ಸಂಶೋಧಕಿ. ಮನುಷ್ಯನ ಕೈಯನ್ನು ಒಂದೊಂದೇ ಸ್ನಾಯು ಜೋಡಿಸಿ ಕಂಪ್ಯೂಟರಿನೊಳಗೆ ಕಟ್ಟಿದ್ದಳು. ಯಾವ ಬೆರಳು ಹೇಗೆ ಬಾಗುತ್ತದೆ ಎಂದು ಆ ಕೈ ಹೇಳುವ ಲೆಕ್ಕ ನಿಜವಾದ ಕೈಗಳಿಗೆ ತಾಳೆಯಾಗುತ್ತದೆಯೇ ಎಂದು ನೋಡಲು ಜನ ಬೇಕಿತ್ತು. ಅಂಗಡಿಗಳಿಗೆ ಬೋರ್ಡು ಬರೆಯುವ ಅವನು ಗೋಡೆಯ ಮೇಲಿನ ನೋಟೀಸು ನೋಡಿ ಬಂದಿದ್ದ. ಆಮೇಲೆ ವಾರಕ್ಕೊಮ್ಮೆ ಬರುತ್ತಿದ್ದ, ನಗಿಸುತ್ತಿದ್ದ, ಹೋಗುತ್ತಿದ್ದ. ಅವನು ಬರುವ ದಿನ ಅವಳು ಎರಡೆರಡು ಸಲ ಕನ್ನಡಿ ನೋಡಿಕೊಳ್ಳುತ್ತಿದ್ದಳು. ಇದು ಪ್ರೀತಿ ಎಂದು ಒಪ್ಪಿಕೊಳ್ಳುವ ಧೈರ್ಯ ಮಾತ್ರ ಇರಲಿಲ್ಲ, ಪಾಪ!

ಎಡವಟ್ಟಾದದ್ದು ಕೊನೆಯ ಪರೀಕ್ಷೆಯಲ್ಲಿ. ಹೆಬ್ಬೆರಳನ್ನು ನೇರವಾಗಿಟ್ಟು, ತೋರುಬೆರಳಿಗೆ ಒತ್ತಿ, ನಡುವೆ ಒಂದು ತೆಳು ಪಟ್ಟಿ ಹಿಡಿಯಬೇಕು. ಅಷ್ಟೇ. ಆದರೆ ಅವನ ಹೆಬ್ಬೆರಳಿನ ತುದಿ ಪ್ರತಿ ಸಲವೂ ಮಡಚಿಕೊಳ್ಳುತ್ತಿತ್ತು. ಉಳಿದವರಿಗೆಲ್ಲ ಹೊಂದಿದ ಲೆಕ್ಕ ಅವನೊಬ್ಬನಿಗೆ ಹೊಂದಲಿಲ್ಲ.

"ಬೆರಳು ನೇರ ಇಡಿ ಅಂದ್ನಲ್ಲ!"

"ಇಡ್ತಾನೇ ಇದೀನಿ, ಮೇಡಂ... ಅದೇ ಮಾತು ಕೇಳ್ತಿಲ್ಲ," ಎಂದು ಅವನು ನಕ್ಕ.

ಮರುದಿನ ವರದಿ ಕೊಡಬೇಕಿತ್ತು. ಅವಳ ಸಹನೆಯ ಕಟ್ಟೆ ಒಡೆಯಿತು.

"ಎಲ್ಲಾನೂ ತಮಾಷೆನಾ ನಿಮಗೆ? ನನ್ನ ಇಷ್ಟು ವರ್ಷದ ಕೆಲಸ ಮಣ್ಣುಪಾಲು ಮಾಡ್ತಿದೀರಿ. ಇನ್ನು ಮೇಲೆ ಬರಬೇಡಿ!"

ಅವನ ನಗು ಅಲ್ಲೇ ನಿಂತಿತು. ಸೆನ್ಸರ್‌ಗಳನ್ನು ತಾನೇ ಬಿಡಿಸಿ ಮೇಜಿನ ಮೇಲಿಟ್ಟು ಹೊರಟುಹೋದ.

ಅವನ ಅಳತೆಗಳನ್ನು ಕೈಬಿಟ್ಟು ಅವಳು ವರದಿ ಒಪ್ಪಿಸಿದಳು. ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಆದರೆ ಮನಸ್ಸು ಕೇಳಬೇಕಲ್ಲ!

'ಅಷ್ಟು ಒಳ್ಳೆಯವನು ಬೇಕಂತಲೇ ಯಾಕೆ ಹಾಗೆ ಮಾಡ್ತಾನೆ?'

ಒಂದು ಮಧ್ಯಾಹ್ನ ಅವನ ಅಳತೆಗಳನ್ನು ಮತ್ತೆ ತೆರೆದಳು. ಕಂಪ್ಯೂಟರಿನ ಕೈಯಲ್ಲಿ ಹೆಬ್ಬೆರಳನ್ನು ಒಳಗೆಳೆಯುವ ಸ್ನಾಯುವಿನ ಬಲವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಹೋದಳು. ಬಲ ಸೊನ್ನೆಯ ಹತ್ತಿರ ಬಂದಾಗ ಪರದೆಯ ಮೇಲಿನ ಹೆಬ್ಬೆರಳು ಥೇಟ್ ಅವನದರ ಹಾಗೆಯೇ ಮಡಚಿಕೊಂಡಿತು. ಲೆಕ್ಕ ಕರಾರುವಾಕ್ಕಾಗಿ ಹೊಂದಿತು!

ಅವನು ಆಟವಾಡುತ್ತಿರಲಿಲ್ಲ. ಆ ಸ್ನಾಯು ಸಾಯುತ್ತಿತ್ತು. ಕಂಪ್ಯೂಟರಿನದೂ ತಪ್ಪಿಲ್ಲ, ಅವನದೂ ತಪ್ಪಿಲ್ಲ... ತಪ್ಪೆಲ್ಲ ತನ್ನದೇ!

ವಿಳಾಸ ಹುಡುಕಿಕೊಂಡು ಹೋದಾಗ ಬಾಗಿಲು ತೆರೆದದ್ದು ಅವನ ಅಕ್ಕ.

"ಮೇಡಂ ಅಂದ್ರೆ ನೀನೇನಾ?" ಅಕ್ಕ ಅವಳನ್ನೇ ದಿಟ್ಟಿಸಿದಳು. "ನಿನ್ನ ಹತ್ರ ಬರೋಕೆ ಶುರು ಮಾಡಿದ ಮೇಲೇನೇ ಡಾಕ್ಟ್ರು ಹೇಳಿದ್ದು. ನರದ ಕಾಯಿಲೆ, ಒಂದೊಂದೇ ಸ್ನಾಯು ಹೋಗುತ್ತೆ, ಔಷಧಿ ಇಲ್ಲ ಅಂತ. ಅದನ್ನ ಕೇಳಿದ ಮೇಲೂ ಅಲ್ಲಿಗೆ ಬರೋದು ಬಿಡ್ಲಿಲ್ಲಮ್ಮಾ ಅವನು..."

ಒಳಗೆ ಅವನು ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದು ಅರ್ಧ ಬರೆದ ಬೋರ್ಡಿನ ಮುಂದೆ ಕುಳಿತಿದ್ದ. ಅಕ್ಷರಗಳು ಸೊಟ್ಟಸೊಟ್ಟಗಾಗಿದ್ದವು.

"ಯಾಕೆ ಹೇಳಲಿಲ್ಲ?" ಅವಳಿಗೆ ಅಳು ತಡೆಯಲಾಗಲಿಲ್ಲ.

"ಹೇಳಿದ್ರೆ ಅವತ್ತಿಂದಾನೇ ರೋಗಿ ಥರ ನೋಡ್ತಿದ್ರಿ. ವಾರಕ್ಕೊಂದು ಸಲ ಆದ್ರೂ ನಿಮ್ಮ ಮುಂದೆ ಗಟ್ಟಿಮುಟ್ಟಾಗಿ ಕೂರೋಣ ಅನ್ನಿಸ್ತು."

"ನನ್ನನ್ನ ಕ್ಷಮಿಸಿಬಿಡಿ... ನೀವಂದ್ರೆ ನಂಗಿಷ್ಟ. ಬೈದ್ನಲ್ಲ, ಅವಾಗ್ಲೂ ಇಷ್ಟ!"

ಅವನ ಕಣ್ಣು ತುಂಬಿ ಬಂತು.

"ಈ ಕೈ ಇನ್ನೆಷ್ಟು ದಿನ ಅಂತ ನಿಮ್ಮ ಕಂಪ್ಯೂಟರ್ ಹೇಳುತ್ತಾ?"

"ಲೆಕ್ಕ ಹಾಕಿದ್ರೆ ಹೇಳಬಹುದು. ನಾನು ಹಾಕಲ್ಲ."

"ಯಾಕೆ?"

"ಹಾಕಿದ್ರೆ ದಿನ ಎಣಿಸ್ತಾ ಕೂರ್ತೀನಿ. ನಂಗೆ ನಿಮ್ಮ ಜೊತೆ ಕೂರಬೇಕು."

ಅವನು ಪಕ್ಕದ ಸ್ಟೂಲಿನ ಮೇಲಿದ್ದ ಬಣ್ಣದ ಡಬ್ಬಿಗಳನ್ನು ಮೊಣಕೈಯಿಂದ ಮೆಲ್ಲಗೆ ಅತ್ತ ಸರಿಸಿದ.

"ಕೂತ್ಕೋ," ಎಂದ.