ಮರಳಿನೊಳಗೆ ಕೂತಿದ್ದ ಬೋಜಣ್ಣ

ಹೆಣ ಕೂತಿತ್ತು.

ದೋಹಾದ ಉತ್ತರಕ್ಕೆ, ಅಲ್ ಶಮಾಲ್‌ನಿಂದಾಚೆ ಸರ್ಕಾರಿ ಮರಳು ಬಯಲು. ಪೈಪ್ ಹಾಕಲು ಜೆಸಿಬಿ ಮಣ್ಣು ತೆಗೆದಾಗ ಕಂಡದ್ದು. ಒಂದು ಕಾಲು ಮಡಚಿತ್ತು. ಇನ್ನೊಂದು ಚಾಚಿತ್ತು, ಅದಕ್ಕೆ ಹಲಗೆಯ ಚೂರಿಟ್ಟು ಬಟ್ಟೆ ಬಿಗಿದಿದ್ದರು. ಮಡಿಲಲ್ಲೊಂದು ಬಿಳಿ ಗಟ್ಟಿ. ಕಿಸೆಯ ಕಾರ್ಡಿನಲ್ಲಿ ಬೋಜಣ್ಣನ ಹೆಸರು.

"ಚಾಕ್," ಎಂದ ಪೊಲೀಸ್ ಕ್ಯಾಪ್ಟನ್.

"ಅಲ್ಲ, ವಿಭೂತಿ," ಎಂದೆ. ನಾನು ಜ್ಯೋತ್ಸ್ನಾ, ದೋಹಾದ ಪತ್ರಿಕೆಯೊಂದರ ವರದಿಗಾರ್ತಿ. ಕಾರ್ಡು ನೋಡಿ ಸತ್ತವನು ಕನ್ನಡಿಗನೆಂದು ತಿಳಿದು, ಕನ್ನಡ ಬಲ್ಲವಳೆಂದು ನನ್ನನ್ನು ಕರೆಸಿದ್ದರು.

ಇದು 2006ರ ಮಾತು. ಬೋಜಣ್ಣ ಹಿಂದಿನ ಚಳಿಗಾಲದಲ್ಲೇ ಕಾಣೆಯಾಗಿದ್ದ. ಓಡಿಹೋದ ಎಂದು ಅವನು ಕೆಲಸಕ್ಕಿದ್ದ ಕಂಪನಿ ಬರೆದು ಕೈತೊಳೆದುಕೊಂಡಿತ್ತು. ಉಮ್ಮ್ ಸಲಾಲ್‌ನ ಮನೆಯಲ್ಲಿ ಮಗಳು ಮೋಕ್ಷಾ ಒಬ್ಬಳೇ ಉಳಿದಿದ್ದಳು.

"ಅಪ್ಪ ನನ್ನನ್ನು ಬಿಟ್ಟು ಹೋದದ್ದಲ್ಲ ಅಲ್ವಾ ಅಕ್ಕ? ಏನಾಯ್ತು ಅಂತ ಯಾರಾದ್ರೂ ಹೇಳಿ. ನಂಗೆ ಅಷ್ಟೇ ಬೇಕು."

ತಿಳಿದು ಬಂದು ಹೇಳುತ್ತೇನೆ ಎಂದೆ.

*

ಶುಕ್ರವಾರ ಬಂದರೆ ಬೋಜಣ್ಣ, ಗೆಳೆಯ ಪಂಚಪ್ಪನ ಜೊತೆ ಲೋಹ ಹುಡುಕುವ ಮಿಷನ್ ಹಿಡಿದು ಬಯಲಿಗೆ ಹೋಗುತ್ತಿದ್ದ. ಹಳೇ ನಾಣ್ಯದ ಹುಚ್ಚು. ಪರ್ಮಿಟ್ ಪಂಚಪ್ಪನ ಹೆಸರಲ್ಲಿತ್ತು. ಷರತ್ತು ಕಡಕ್: ಮೇಲೆ ಬಿದ್ದದ್ದು ಹೆಕ್ಕಬಹುದು, ಅಗೆಯುವಂತಿಲ್ಲ. ಅಗೆದರೆ ಜೈಲು, ಆಮೇಲೆ ಊರಿನ ವಿಮಾನ.

ಕ್ಯಾಪ್ಟನ್ ಹಿಡಿದು ಕೂರಿಸಿದ್ದು ರಹ್ಮತ್‌ನನ್ನು. ಆ ಮಿಷನ್ ಮಾರಿದವನು ಅವನೇ. ಅದು ಕೆಟ್ಟಿತೆಂದು ಸೂಕ್ ವಾಕಿಫ್ ಮಾರುಕಟ್ಟೆಯಲ್ಲಿ ಅವನಿಗೂ ಬೋಜಣ್ಣನಿಗೂ ಜೋರು ಜಗಳವಾಗಿತ್ತು.

"ಜಗಳ ಆದದ್ದು ಹೌದು ಮಾರಾಯ್ತಿ. ಮರುದಿನವೇ ಖಲಾಸ್, ಒಟ್ಟಿಗೆ ಚಾ ಕುಡಿದೆವು," ಎಂದ ರಹ್ಮತ್. "ಹೆಣ ಕೂತಿತ್ತಾ? ಅದೆಂಥದ್ದು? ನಮ್ಮಲ್ಲಿ ಮಲಗಿಸುವುದು."

ಹೌದಲ್ಲ! ರಹ್ಮತ್‌ನಂಥ ಬ್ಯಾರಿ ಮುಸ್ಲಿಮರು ಮಲಗಿಸಿ ಹೂಳುತ್ತಾರೆ. ಬೋಜಣ್ಣನ ಕಡೆಯವರು ಸುಡುತ್ತಾರೆ. ಅಪ್ಪನ ಬ್ಯಾಂಕ್ ಕೆಲಸದಿಂದ ನಾನು ಓದಿದ್ದು ಗದಗಿನಲ್ಲಿ. ಅಲ್ಲಿನ ಲಿಂಗಾಯತರು ಸತ್ತವರನ್ನು ಕೂರಿಸಿ, ವಿಭೂತಿ ಇಟ್ಟು ಮಣ್ಣು ಮಾಡುವುದನ್ನು ಕಂಡಿದ್ದೆ. ಪಂಚಪ್ಪ ಆ ಕಡೆಯ ಲಿಂಗಾಯತ.

*

ಮೋಕ್ಷಾಳ ಮನೆಗೆ ಪಂಚಪ್ಪ ವಾರವಾರ ತರಕಾರಿ ತಂದು ಕೊಡುತ್ತಿದ್ದ. ಆ ಶುಕ್ರವಾರವೂ ಬಂದ. ನಾನು ಒಳಗೆ ಕಾಯುತ್ತಿದ್ದೆ, ಕ್ಯಾಪ್ಟನ್ ಬಾಗಿಲಲ್ಲಿ ನಿಂತಿದ್ದ.

"ಬೋಜಣ್ಣ ಕಾಣೆಯಾದ ದಿನ ನೀವು ಜೊತೆಗಿದ್ರಿ," ಎಂದೆ.

"ಇಲ್ರೀ ಮೇಡಂ. ಜ್ವರ ಬಂದು ರೂಮಿನ್ಯಾಗ ಮಲಗಿದ್ದೆ."

"ಕೊಂದವರು ಹೆಣ ಎಸೆದು ಓಡ್ತಾರೆ. ಇವರನ್ನು ಯಾರೋ ಕೂರಿಸಿದ್ದಾರೆ, ವಿಭೂತಿ ಇಟ್ಟಿದ್ದಾರೆ. ಬೋಜಣ್ಣನ ಜಾತಿಯ ಪದ್ಧತಿ ಅದಲ್ಲ, ನಿಮ್ಮದು. ಗೆಳೆಯನನ್ನು ನಾಯಿಯ ಹಾಗೆ ಹೂಳೋಕೆ ನಿಮ್ಮ ಮನಸ್ಸು ಒಪ್ಪಲಿಲ್ಲ."

ಪಂಚಪ್ಪ ತರಕಾರಿ ಚೀಲ ಕೆಳಗಿಟ್ಟ.

"ಮಿಷನ್ ಭಾಳ ಕೂಗಿತ್ರೀ. ಆಳಕ್ಕ ಅಗದ್ವಿ. ಮಣ್ಣು ಜರದು ಅವನ ಮ್ಯಾಲೆ ಬಿತ್ತು. ತಗಿಯೂದ್ರಾಗ ಸತ್ತಿದ್ದ."

"ಸುಳ್ಳು," ಎಂದೆ. "ಸತ್ತವರ ಕಾಲಿಗೆ ಯಾರಾದ್ರೂ ಹಲಗೆ ಕಟ್ತಾರಾ?"

ಮೋಕ್ಷಾ ಅವನತ್ತ ತಿರುಗಿದಳು. "ಅಪ್ಪ ಬದುಕಿದ್ರಾ ಅಂಕಲ್?"

ಅವನು ಮುಖ ಮುಚ್ಚಿಕೊಂಡ. "ಇದ್ದ, ಮಗಳ. ಹೊತ್ತು ಮುಳುಗೂತನಕ ಇದ್ದ. ಪರ್ಮಿಟ್ ನನ್ನ ಹೆಸರಿಲೆ ಇತ್ತು. ಫೋನ್ ಮಾಡಿದ್ರ ನಾ ಒಳಗ ಹೋಗ್ತಿದ್ದೆ. ಅಂಜಿಕಿ ಬಂತು. 'ಆಂಬುಲೆನ್ಸ್ ಬರಾಕತ್ತೈತಿ' ಅಂತ ಸುಳ್ಳು ಹೇಳಿದೆ. ನಂಬಿದ. ರಸ್ತೆ ಕಡೆ ನೋಡಿಕೋತ ಜೀವ ಬಿಟ್ಟ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಪತ್ತೆ ಮಾಡಿದ ಖುಷಿ ಎಳ್ಳಷ್ಟೂ ಇರಲಿಲ್ಲ.

ಮೋಕ್ಷಾ ಅವನ ಕೆನ್ನೆಗೆ ಬಾರಿಸಿದಳು. ಮತ್ತೆ ಬಾರಿಸಿದಳು. ಆಮೇಲೆ ಅವನ ಅಂಗಿ ಹಿಡಿದುಕೊಂಡು, ಅವನ ಹೆಗಲಿಗೇ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಆ ಊರಲ್ಲಿ ಅಪ್ಪನನ್ನು ಹತ್ತಿರದಿಂದ ಬಲ್ಲವನು ಅಂತ ಅವಳಿಗಿದ್ದವನು ಅವನೊಬ್ಬನೇ.